ದೂಳು ತಿನ್ನುವ ಆರ್ಮೇಚರ್

ಉಳಿ ಹಿಡಿದು ಕೆತ್ತಿದರೆ ಕಲ್ಲು ಚಕ್ಕೆಯಾಗಿ ಹಾರುತ್ತದೆ. ಡೈಮಂಡ್ ಬ್ಲೇಡ್ ಹಾಕಿ ಕೊಯ್ದರೆ ಹಿಟ್ಟಾಗಿ ಏಳುತ್ತದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳ ಅಂಗಳವಿರಲಿ, ಜಿಗಣಿಯ ಗ್ರಾನೈಟ್ ಕಾರ್ಖಾನೆಗಳ ಸಾಲಿರಲಿ, ಈ ಹಿಟ್ಟು ಕೂರದ ಜಾಗವಿಲ್ಲ. ವಿಗ್ರಹದ ಕಣ್ಣು, ಮೂಗು, ಬೆರಳ ತುದಿಗೆ ಇಂದಿಗೂ ಉಳಿಯೇ ಬೇಕು. ಅದಕ್ಕೆ ಮುಂಚಿನ ಒರಟು ಕೆಲಸವನ್ನು ಮಾತ್ರ ಗ್ರೈಂಡರ್, ಕಟಿಂಗ್ ಮಷಿನ್‌ಗಳು ವಹಿಸಿಕೊಂಡು ಬಹಳ ಕಾಲವಾಯಿತು. ಹೀಗೆ ದುಡಿದ ಯಂತ್ರ ಒಂದು ದಿನ ಸುಟ್ಟ ವಾಸನೆ ಬಿಟ್ಟು ನಿಂತುಬಿಡುತ್ತದೆ. ಆಗ ಅದು ಹೋಗಿ ಸೇರುವುದು ಪೇಟೆಯ ವೈಂಡಿಂಗ್ ಅಂಗಡಿಗೆ.

ಬೋರ್‌ವೆಲ್ ಪಂಪ್‌ಸೆಟ್ಟುಗಳ ನಾಡಿನಲ್ಲಿ ವೈಂಡಿಂಗ್ ಅಂಗಡಿಯಿಲ್ಲದ ತಾಲ್ಲೂಕು ಕೇಂದ್ರವನ್ನು ಹುಡುಕುವುದೇ ಕಷ್ಟ. ವೋಲ್ಟೇಜ್ ಬಿದ್ದು ಸುಟ್ಟ ಐದು, ಏಳೂವರೆ ಎಚ್‌ಪಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುತ್ತಲೇ ಇವು ಬೆಳೆದವು. ಕಟ್ಟಡದ ಕೆಲಸ ಹೆಚ್ಚಿದಂತೆ ಡ್ರಿಲ್ಲು, ಗ್ರೈಂಡರು, ಮಾರ್ಬಲ್ ಕಟ್ಟರುಗಳೂ ಬೆಂಚಿನ ಮೇಲೆ ಬಂದು ಕುಳಿತವು. ಕೆಲಸ ಗೊತ್ತಿರುವ ವೈಂಡರ್ ಯಂತ್ರ ಬಿಚ್ಚುವ ಮೊದಲೇ ಕೇಳುವುದು ಒಂದೇ ಮಾತು: ‘ಕಲ್ಲಿನ ಕೆಲಸದ್ದಾ, ಕಬ್ಬಿಣದ್ದಾ, ಮರದ್ದಾ?’

ಆ ಪ್ರಶ್ನೆ ಯಾಕೆ ಮುಖ್ಯ ಎಂದು ತಿಳಿಯಲು ಗ್ರೈಂಡರಿನೊಳಗೆ ಗಾಳಿ ಓಡಾಡುವ ದಾರಿಯನ್ನು ನೋಡಬೇಕು. ಹಿಂಬದಿಯ ಸಣ್ಣ ಕಿಂಡಿಗಳಿಂದ ಗಾಳಿ ಒಳಗೆ ಬರುತ್ತದೆ. ಮೊದಲು ತಿರುಗುವ ತಂತಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಮತ್ತು ಕಾಮ್ಯುಟೇಟರ್ ಇರುವ ಕಡೆ ಹಾದು, ಸುತ್ತ ನಿಂತ ಫೀಲ್ಡ್ ಕಾಯಿಲ್‌ಗೂ ತಂತಿ ಸುತ್ತಿದ, ತಿರುಗುವ ಆರ್ಮೇಚರಿಗೂ ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗಿ, ಮುಂದೆ ಗೇರ್ ಪೆಟ್ಟಿಗೆಯ ಬಳಿ ಹೊರಬೀಳುತ್ತದೆ. ಈ ಗಾಳಿಯನ್ನು ಎಳೆಯುವ ಫ್ಯಾನು ಆರ್ಮೇಚರಿನ ಶಾಫ್ಟಿಗೇ ಕೂತಿದೆ. ನಾಲ್ಕಿಂಚಿನ ಗ್ರೈಂಡರಿನ ಬಿಲ್ಲೆ ಖಾಲಿ ಓಡುವಾಗ ನಿಮಿಷಕ್ಕೆ 11 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ; ಒಳಗಿನ ಆರ್ಮೇಚರ್ ಅದರ ಎರಡು ಮೂರು ಪಟ್ಟು. ಕಿಂಡಿಯನ್ನು ಹಿಂದಕ್ಕೆ ಇಟ್ಟಿರುವುದೇ ಬ್ಲೇಡಿನಿಂದ ಆದಷ್ಟು ದೂರದ ಗಾಳಿ ಸಿಗಲಿ ಎಂದು. ಆದರೆ ಮುಚ್ಚಿದ ಕೋಣೆಯಲ್ಲಿ ಗೋಡೆ ಕೊರೆಯುವವನಿಗೆ ಹಿಂದೆ ಯಾವುದು, ಮುಂದೆ ಯಾವುದು? ಎಲ್ಲ ಕಡೆಯೂ ದೂಳೇ.

ಹಿಟ್ಟಿನ ಗಿರಣಿಯಲ್ಲೂ ದೂಳಿದೆಯಲ್ಲ, ಅಲ್ಲಿನ ಮೋಟಾರು ವರ್ಷಗಟ್ಟಲೆ ಓಡುವುದು ಹೇಗೆ ಎಂದು ಕೇಳಬಹುದು. ಅಲ್ಲಿರುವುದು ಪೂರ್ತಿ ಮುಚ್ಚಿದ ಮೋಟಾರು. ಒಳಗಿನ ಬಿಸಿ ಎರಕದ ಮೈಗೆ ಬಂದು, ಮೈಮೇಲಿನ ಗೀರುಗೀರಾದ ರೆಕ್ಕೆಗಳ ಮೂಲಕ ಹೊರಗೆ ಹೋಗುತ್ತದೆ. ಹಿಂದಿನ ಫ್ಯಾನು ಗಾಳಿ ಬೀಸುವುದು ಆ ರೆಕ್ಕೆಗಳ ಮೇಲೆ. ತಂತಿಗೆ ಹೊರಗಿನ ಗಾಳಿ ಸೋಕುವುದೇ ಇಲ್ಲ. ಅದೇ ಉಪಾಯವನ್ನು ಕೈಯಂತ್ರಕ್ಕೆ ಹಾಕಿದರೆ ಎತ್ತಿ ಹಿಡಿಯುವವರಿಲ್ಲ. ಎರಡು ಕಿಲೋ ತೂಗುವ ಯಂತ್ರದಿಂದ 700, 800 ವ್ಯಾಟ್ ಕೆಲಸ ತೆಗೆಯಬೇಕಾದರೆ ತಂತಿಯ ಮೇಲೆಯೇ ಗಾಳಿ ಹಾಯಬೇಕು. ದೂಳನ್ನು ತರುವುದೂ ಆ ಗಾಳಿಯೇ.

ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಫೈನ್ ಕಂಪನಿ ತಯಾರಿಸಿದ್ದು 1895ರಲ್ಲಿ. ಇವತ್ತಿನ ಬಗೆಯ ವೇಗದ ಆ್ಯಂಗಲ್ ಗ್ರೈಂಡರ್ ಬಂದದ್ದು 1954ರಲ್ಲಿ, ಅದೂ ಜರ್ಮನಿಯಿಂದಲೇ. ಅಂದಿನಿಂದ ವಿನ್ಯಾಸ ಎಷ್ಟೋ ಬದಲಾಗಿದ್ದರೂ ತಂಪು ಮಾಡುವ ಗಾಳಿಯೇ ದೂಳು ತರುವ ಈ ತೊಡಕು ಬಗೆಹರಿದಿಲ್ಲ.

ದೂಳುಗಳಲ್ಲೆಲ್ಲ ಕಲ್ಲಿನ ಹಿಟ್ಟೇ ಕ್ರೂರಿ. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7, ತಾಮ್ರದ್ದು 3. ಅಷ್ಟು ವೇಗದ ಗಾಳಿಯಲ್ಲಿ ತೂರಿಬರುವ ಬೆಣಚಿನ ಕಣಗಳು ತಂತಿಯ ಮೇಲಿನ ಎನಾಮಲ್ ಪದರವನ್ನು ಉಜ್ಜಿ ಉಜ್ಜಿ ತೆಗೆಯುತ್ತವೆ. ವೈಂಡರ್ ಆರ್ಮೇಚರನ್ನು ಹೊರಗೆಳೆದು ಬೆಳಕಿಗೆ ಹಿಡಿದು ತಿರುಗಿಸುತ್ತಾನೆ. ಸುರುಳಿಯ ತಲೆಯ ಬಳಿ ತಾಮ್ರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದರೆ ಅದು ಕಲ್ಲಿನ ದೂಳಿನ ಕೆಲಸ. ಒಂದೆರಡು ಸುರುಳಿ ಮಾತ್ರ ಕಪ್ಪಾಗಿದ್ದರೆ ಅಲ್ಲೇ ಶಾರ್ಟ್ ಆಗಿದೆ. ಆರ್ಮೇಚರ್ ಪೂರ್ತಿ ಒಂದೇ ಸಮ ಕರಕಾಗಿದ್ದರೆ ಅವನ ಕಣ್ಣು ಯಂತ್ರ ತಂದವನ ಕೈಯ ಕಡೆ ಹೋಗುತ್ತದೆ.

ಯಾಕೆಂದರೆ ಒತ್ತಿದಷ್ಟೂ ಬೇಗ ಕೊಯ್ಯುತ್ತದೆ ಎಂಬುದು ಈ ಕಸುಬಿನ ದೊಡ್ಡ ಭ್ರಮೆ. ಒತ್ತಿದಾಗ ಸುತ್ತು ಇಳಿಯುತ್ತದೆ. ಸುತ್ತು ಇಳಿದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಅದೇ ಹೊತ್ತಿಗೆ ಫ್ಯಾನೂ ನಿಧಾನವಾಗಿರುತ್ತದೆ. ಗಾಳಿ ಹೆಚ್ಚು ಬೇಕಾದಾಗಲೇ ಕಡಿಮೆ ಸಿಗುತ್ತದೆ. ತಂತಿಯ ಹೊದಿಕೆ ಸಹಿಸುವ ಬಿಸಿಗೆ ದರ್ಜೆಗಳಿವೆ: ‘ಬಿ’ಗೆ 130 ಡಿಗ್ರಿ, ‘ಎಫ್’ಗೆ 155, ‘ಎಚ್’ಗೆ 180. ಮಿತಿ ಮೀರಿ ಏರುವ ಪ್ರತಿ 10 ಡಿಗ್ರಿಗೆ ಹೊದಿಕೆಯ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ‘ಒತ್ತಬೇಡಪ್ಪ, ಅದರ ಭಾರಕ್ಕೇ ಬಿಡು, ತಾನೇ ಕೊಯ್ಕೊಂಡು ಹೋಗುತ್ತೆ’ ಎಂದು ವೈಂಡರ್ ಹೇಳುವುದರಲ್ಲಿ ಈ ಲೆಕ್ಕವೆಲ್ಲ ಬಂತು. ಕೊಯ್ದು ಮುಗಿಸಿದ ತಕ್ಷಣ ಸ್ವಿಚ್ ಆರಿಸುವುದೂ ತಪ್ಪು. ಬಿಸಿ ಒಳಗೇ ಕೂರುತ್ತದೆ. ಒಂದು ನಿಮಿಷ ಖಾಲಿ ಓಡಿಸಿದರೆ ಫ್ಯಾನು ಪೂರ್ತಿ ವೇಗದಲ್ಲಿ ಅದನ್ನು ಹೊರಗೆ ಹಾಕುತ್ತದೆ.

ಕಬ್ಬಿಣದ ದೂಳಿನ ಅಪಾಯ ಬೇರೆ. ಅದರಲ್ಲಿ ಕರೆಂಟ್ ಹರಿಯುತ್ತದೆ. ಕಾಮ್ಯುಟೇಟರಿನ ಪಟ್ಟಿಗಳ ನಡುವೆ, ಕಾರ್ಬನ್ ಹೋಲ್ಡರಿನ ಸುತ್ತ ಕೂತರೆ ಕಿಡಿ ಹೆಚ್ಚುತ್ತದೆ, ಕೆಲವೊಮ್ಮೆ ಮುಂದಿನ ಲೋಹದ ತಲೆಗೂ ಕರೆಂಟ್ ದಾಟುತ್ತದೆ. ಗೋಡೆಗೆ ಹಚ್ಚುವ ಪುಟ್ಟಿಯ ಪುಡಿ ಬೇರಿಂಗಿಗೆ ಇಳಿದು ಗ್ರೀಸನ್ನು ಒಣಗಿಸುತ್ತದೆ. ಮರದ ಹೊಟ್ಟು ತೇವ ಹೀರಿ ಕಿಂಡಿ ಕಟ್ಟುತ್ತದೆ.

ಇನ್ನು ರಿಪೇರಿ. ಹಳೆಯ ಸುರುಳಿ ಬಿಚ್ಚುವ ಮುನ್ನವೇ ತಂತಿಯ ಗೇಜ್, ಸುತ್ತುಗಳ ಎಣಿಕೆ, ಯಾವ ತುದಿ ಯಾವ ಪಟ್ಟಿಗೆ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಬೇಕು. ಒಂದು ಪಟ್ಟಿ ಆಚೀಚೆಯಾದರೂ ಯಂತ್ರ ಕಿಡಿ ಕಾರುತ್ತದೆ. ಸ್ಲಾಟುಗಳಿಗೆ ಹೊಸ ಇನ್ಸುಲೇಷನ್ ಪೇಪರ್ ಹಾಕಿ, ಕೈಯಿಂದಲೇ ತಂತಿ ಸುತ್ತಿ, ತುದಿಗಳನ್ನು ಕಾಮ್ಯುಟೇಟರಿಗೆ ಕೂಡಿಸಿ, ಸುರುಳಿಯ ತಲೆಗೆ ದಾರ ಬಿಗಿಯುತ್ತಾರೆ. ಆಮೇಲೆ ಗ್ರೌಲರ್ ಪರೀಕ್ಷೆ: ಕರೆಂಟ್ ಹರಿಯುವ ಕಬ್ಬಿಣದ ತೊಟ್ಟಿಲಲ್ಲಿ ಆರ್ಮೇಚರ್ ಮಲಗಿಸಿ, ಮೇಲೆ ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನ ತಿರುಗಿಸಿದರೆ, ಶಾರ್ಟ್ ಇರುವ ಕಡೆ ಬ್ಲೇಡು ಗುರ್ ಎಂದು ನಡುಗುತ್ತದೆ. ಎಲ್ಲ ಸರಿಯಿದ್ದರೆ ವಾರ್ನಿಷ್. ‘ಕಲ್ಲಿನ ಕೆಲಸದ್ದಾ?’ ಎಂಬ ಪ್ರಶ್ನೆಯ ಉತ್ತರ ಬಳಕೆಗೆ ಬರುವುದು ಇಲ್ಲಿ. ಹಾಗಾದರೆ ಒಳ್ಳೆಯ ವೈಂಡರ್ ವಾರ್ನಿಷಿನಲ್ಲಿ ಎರಡನೆಯ ಸಲ ಅದ್ದುತ್ತಾನೆ, ಗಾಳಿ ನೇರ ಬಡಿಯುವ ತಲೆಯ ಭಾಗಕ್ಕೆ ಎಪಾಕ್ಸಿ ಬಳಿಯುತ್ತಾನೆ, ಎರಡೂ ಕಡೆ ರಬ್ಬರ್ ಸೀಲ್ ಇರುವ ಬೇರಿಂಗ್ ಕೂರಿಸುತ್ತಾನೆ. ದುಬಾರಿ ಯಂತ್ರಗಳಲ್ಲಿ ಕಂಪನಿಗಳು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೈಯಲ್ಲಿ ಸುತ್ತಿದ ಆರ್ಮೇಚರಿನ ದೌರ್ಬಲ್ಯವಿರುವುದು ಬ್ಯಾಲೆನ್ಸಿನಲ್ಲಿ. ತೂಕ ಒಂದು ಕಡೆ ಚೂರು ಹೆಚ್ಚಿದ್ದರೂ ಆ ವೇಗದಲ್ಲಿ ನಡುಕ ಹುಟ್ಟಿ ಬೇರಿಂಗ್ ತಿನ್ನುತ್ತದೆ.

ಕೆಲಸದ ಜಾಗದಲ್ಲಿ ಕಿಂಡಿಗೆ ಹಳೆಯ ಬನಿಯನ್ ಬಟ್ಟೆಯನ್ನೋ ಕಾಲುಚೀಲವನ್ನೋ ಕಟ್ಟುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ದೂಳು ತಿಂಗಳುಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸವನ್ನು ಬಿಸಿ ಒಂದೇ ಮಧ್ಯಾಹ್ನದಲ್ಲಿ ಮಾಡುತ್ತದೆ, ಮತ್ತು ದೂಳು ತುಂಬಿದ ಬಟ್ಟೆ ಬಿಸಿಯ ಪಕ್ಷ. ಕಂಪನಿಗಳು ಕೊಡುವ ತೆಳು ಜಾಲರಿಯೂ ಆಗಾಗ ಕೊಡವಿದರೆ ಮಾತ್ರ ಉಪಕಾರಿ. ಸಂಜೆ ಯಂತ್ರವನ್ನು ಖಾಲಿ ಓಡಿಸುತ್ತಾ ಹಿಂದಿನ ಕಿಂಡಿಗೆ ಒಣ ಗಾಳಿ ಊದುವುದು ಅದಕ್ಕಿಂತ ಮೇಲು. ಆದರೆ ಕಂಪ್ರೆಸರಿನ ಒತ್ತಡ ಜೋರಾದರೆ ದೂಳು ಬೇರಿಂಗಿನೊಳಗೇ ಹೋಗಿ ಕೂರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬ್ಲೇಡಿಗೆ ಕವಚ ಹಾಕಿ ವ್ಯಾಕ್ಯೂಮ್ ಪೈಪು ಜೋಡಿಸುವುದು. ಮೋಟಾರಿಗೂ ಒಳಿತು, ಕಲ್ಲಿನ ದೂಳು ತರುವ ಸಿಲಿಕೋಸಿಸ್‌ನಿಂದ ಉಸಿರು ಕಳೆದುಕೊಳ್ಳುವ ಕಾರ್ಮಿಕನಿಗೆ ಅದಕ್ಕಿಂತ ಹೆಚ್ಚಿನ ಒಳಿತು. ಸಣ್ಣ ಸೈಟುಗಳಲ್ಲಿ ಅದು ಕಾಣುವುದೇ ಅಪರೂಪ.

ಈಗ ಹೆಚ್ಚಾಗಿ ಬ್ಯಾಟರಿಯಲ್ಲಿ ಓಡುವ, ಕಾರ್ಬನ್ನೇ ಇಲ್ಲದ ಬ್ರಷ್‌ಲೆಸ್ ಯಂತ್ರಗಳು ಬಂದಿವೆ. ತಿರುಗುವ ಭಾಗದಲ್ಲಿ ಆಯಸ್ಕಾಂತ, ತಂತಿಯೆಲ್ಲ ಹೊರಗಿನ ನಿಂತ ಭಾಗದಲ್ಲಿ. ಬಿಸಿ ಕಡಿಮೆ, ಮಿತಿ ದಾಟಿದರೆ ತಾನೇ ನಿಲ್ಲುತ್ತದೆ. ಅದಕ್ಕೂ ಫ್ಯಾನು ಇದ್ದೇ ಇದೆ. ಎಲೆಕ್ಟ್ರಾನಿಕ್ ಬೋರ್ಡನ್ನು ದೂಳು ತಾಗದಂತೆ ರಾಳದಲ್ಲಿ ಹುದುಗಿಸಿರುವುದರಿಂದ ವೈಂಡರಿಗೆ ಅಲ್ಲಿ ಬಿಚ್ಚಿ ನೋಡುವಂಥದ್ದು ಏನೂ ಉಳಿದಿಲ್ಲ. ಬೋರ್ಡು ಹೋದರೆ ಬೋರ್ಡನ್ನೇ ಬದಲಿಸಬೇಕು. ಆದರೆ ಬೆಳಗಿನಿಂದ ಸಂಜೆವರೆಗೆ ಕಲ್ಲು ಕೊಯ್ಯುವ ಕಡೆ ಬ್ಯಾಟರಿ ಸಾಲುವುದಿಲ್ಲ. ಅಲ್ಲಿ ಇನ್ನೂ ವೈರಿನ ಯಂತ್ರಗಳೇ ಓಡುತ್ತಿವೆ, ಸುಟ್ಟ ಆರ್ಮೇಚರುಗಳು ಚೀಲದಲ್ಲಿ ಪೇಟೆಗೆ ಬರುತ್ತಲೇ ಇವೆ.