ಈಳಿಗೆಮಣೆಯ ಮುಂದೆ ಅಹಿಂಸೆ

ಮಾವು, ಸೀಬೆ, ಹಲಸಿನ ಕಾಲ ಬಂದರೆ ಮನೆಯೆಲ್ಲ ಪರಿಮಳ. ಬುಟ್ಟಿಯಿಂದ ಹಣ್ಣೊಂದನ್ನು ಎತ್ತಿ ಹಾಗೆಯೇ ಕಚ್ಚಿ ತಿನ್ನಬೇಕೆನ್ನುವುದು ನಾಲಗೆಯ ಸಹಜ ಚಾಪಲ್ಯ. ಶ್ರಾವಕರ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಕಲಿಸುವ ಕ್ರಮ ಬೇರೆ. ಹಣ್ಣನ್ನು ಮೊದಲು ತೊಳೆದು ಹೋಳು ಮಾಡಬೇಕು, ಹಗಲಿನ ಬೆಳಕಿನಲ್ಲಿ ಅದರ ಒಳಗನ್ನು ನೋಡಬೇಕು, ಆಮೇಲಷ್ಟೇ ಬಾಯಿಗಿಡಬೇಕು.

ಈ ಕ್ರಮಕ್ಕೆ ಕಾರಣವಿದೆ. ಮಾವು ಮತ್ತು ಸೀಬೆಯ ಸಿಪ್ಪೆಯನ್ನು ಚುಚ್ಚಿ ಹಣ್ಣುನೊಣ ಮೊಟ್ಟೆಯಿಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು. ಒಳಗೆ ತಿರುಳಿನಲ್ಲಿ ಬೆಳೆಯುವ ಹುಳು. ನೋಡದೆ ಕಚ್ಚಿದವನಿಗೆ ತಾನೊಂದು ಜೀವವನ್ನು ಕೊಂದೆನೆಂಬ ಅರಿವೂ ಇರುವುದಿಲ್ಲ.

ಹಣ್ಣು ಸ್ಥಾವರ ಜೀವಕ್ಕೆ ಸೇರಿದ್ದು, ಹುಳು ತ್ರಸಜೀವಿ. ಅಹಿಂಸಾಣುವ್ರತವನ್ನು ಹಿಡಿದ ಗೃಹಸ್ಥನು ತ್ರಸಜೀವಿಗಳ ಸಂಕಲ್ಪಪೂರ್ವಕ ಹಿಂಸೆಯನ್ನು ಬಿಡುತ್ತಾನೆ. ಸ್ಥಾವರ ಜೀವಗಳ ವಿಷಯದಲ್ಲಿ ಅಗತ್ಯಕ್ಕಷ್ಟೇ ಮಿತಿ ಹಾಕಿಕೊಳ್ಳುತ್ತಾನೆ. ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಪಂಚ ಉದುಂಬರ ಫಲಗಳನ್ನು ಪೂರ್ತಿಯಾಗಿ ವರ್ಜಿಸಿರುವುದೂ ಅವು ತ್ರಸಜೀವಿಗಳ ನೆಲೆ ಎಂಬ ಕಾರಣಕ್ಕೇ. ಈ ಜಾತಿಯ ಮರಗಳ ಹೂಗಳು ಕಾಯಿಯೊಳಗೇ ಅಡಗಿರುತ್ತವೆ, ಪುಟ್ಟ ಕಣಜಗಳು ಒಳಹೊಕ್ಕೇ ಪರಾಗಸ್ಪರ್ಶ ಮಾಡುತ್ತವೆ ಎಂಬುದನ್ನು ಸಸ್ಯವಿಜ್ಞಾನವೂ ಹೇಳುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಲ್ಲಿನಿಂದ ಪಾರಾದ ಹುಳು ಈಳಿಗೆಯ ಬಾಯಿಗೆ ಸಿಕ್ಕರೆ? ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲಿಗಿಡುತ್ತದೆ. ಎಚ್ಚರದಪ್ಪಿ ನಡೆಯುವ ಮನಸ್ಸು, ಮಾತು, ಕೈಗಳೇ ಹಿಂಸೆಯ ಮೂಲ. ಆದ್ದರಿಂದ ಕೈ ಆತುರಪಡಬಾರದು. ಸಿಪ್ಪೆಯ ಮೇಲೆ ಚುಕ್ಕೆಯಿದೆಯೇ, ಒತ್ತಿದರೆ ಮೆತ್ತಗಾಗಿದೆಯೇ ಎಂದು ಮೊದಲು ನೋಡಬೇಕು. ಸಂಶಯವಿದ್ದ ಭಾಗಕ್ಕೆ ಈಳಿಗೆ ತಾಗಿಸದೆ, ಪಕ್ಕದಿಂದ ಮೆಲ್ಲಗೆ ಹೋಳು ಬಿಡಿಸಬೇಕು.

ಹುಳು ಕಂಡಾಗ ಅಸಹ್ಯಪಟ್ಟು ಎಸೆಯುವುದು ಸುಲಭ. ನಮಗೆ ಕೆಟ್ಟದ್ದಾದ ಆ ಹಣ್ಣೇ ಅದಕ್ಕೆ ಮನೆ, ಅದೇ ಆಹಾರ. ಆ ಭಾಗವನ್ನು ಹುಳುವಿನೊಂದಿಗೇ ಹಿತ್ತಲ ಮರದ ಬುಡದಲ್ಲಿ, ನೆರಳಿರುವೆಡೆ ಇಡುವುದು ದಯೆ. ಆ ಒಂದು ಹಣ್ಣಿನ ಆಸೆಯನ್ನು ಬಿಡುವುದು ಸಂಯಮ.

ಹಲಸು ಬಿಡಿಸುವವರಿಗೆ ಇನ್ನೂ ಒಂದು ಎಚ್ಚರ ಬೇಕು. ಕೈಗೂ ಈಳಿಗೆಗೂ ಎಣ್ಣೆ ಸವರಿಕೊಂಡರೆ ಮೇಣ ಅಂಟದು ಎಂಬುದು ಎಲ್ಲರಿಗೂ ಗೊತ್ತು. ಒರೆಸಿದ ಮೇಣವನ್ನು ಅಂಗಳದಲ್ಲಿ ತೆರೆದು ಬಿಟ್ಟರೆ ನೊಣ ಇರುವೆಗಳು ಅದಕ್ಕೆ ಅಂಟಿ ಸಾಯುತ್ತವೆ. ಆದ್ದರಿಂದ ಅದನ್ನು ಕಾಗದದಲ್ಲಿ ಸುತ್ತಿಡಬೇಕು. ನೆಲಕ್ಕೆ ಬಿದ್ದ ರಸವನ್ನು ಇರುವೆ ಮುತ್ತುವ ಮೊದಲೇ ಒರೆಸಬೇಕು. ರೆಚ್ಚೆಯನ್ನು ದನಕ್ಕೆ ಹಾಕಬಹುದು. ಅಂದಿಗೆ ಬೇಕಾದಷ್ಟನ್ನೇ ಹೋಳು ಮಾಡಿ, ಸೂರ್ಯಾಸ್ತಕ್ಕೆ ಮುಂಚೆ ಹಂಚಿ ತಿಂದರೆ ಹಳಸಿದ್ದನ್ನು ಚೆಲ್ಲುವ ದೋಷವೂ ತಪ್ಪುತ್ತದೆ.

ಮುನಿಗಳ ಆಹಾರಕ್ಕೆ ಅಣಿಮಾಡುವ ದಿನ ಈ ಎಚ್ಚರ ತಾನಾಗಿಯೇ ಬರುತ್ತದೆ. ನಿಂತು, ಅಂಗೈಯಲ್ಲಿ, ದಿನಕ್ಕೊಮ್ಮೆ ಮಾತ್ರ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಅದರಲ್ಲಿ ಸತ್ತ ಜೀವಿಯೊಂದು ಕಂಡರೆ ಅಂತರಾಯ. ಅಂದಿನ ಆಹಾರ ಅಲ್ಲಿಗೇ ಮುಗಿಯಿತು. ಆ ಭಯದಿಂದ ಪ್ರತಿ ಹೋಳನ್ನೂ ತಿರುವಿ ನೋಡುವ ಕೈ ಮರುದಿನ ಮನೆಯವರ ತಟ್ಟೆಗೂ ಹಾಗೆಯೇ ನೋಡಿ ಬಡಿಸಿದರೆ, ಆ ಮನೆಯಲ್ಲಿ ವ್ರತ ನೆಲೆಗೊಂಡಂತೆ.

ನೇರಳೆ ಮರದ ಕೆಳಗೆ ನಿಂತ ಆರು ಮಂದಿಯ ದೃಷ್ಟಾಂತ ಜೈನರಿಗೆಲ್ಲ ಪರಿಚಿತ. ಒಬ್ಬನಿಗೆ ಹಣ್ಣಿಗಾಗಿ ಮರವನ್ನೇ ಬುಡಸಹಿತ ಕಡಿಯುವ ಆಸೆ, ಅದು ಕೃಷ್ಣಲೇಶ್ಯೆ. ಕೊನೆಯವನಿಗೆ ಬಿದ್ದ ಹಣ್ಣುಗಳೇ ಸಾಕು; ಅದು ಶುಕ್ಲಲೇಶ್ಯೆ. ಆರು ಮಂದಿಗೂ ಹಸಿವು ಒಂದೇ, ಬೇರೆಯಾದದ್ದು ಭಾವ. ಈಳಿಗೆಮಣೆಯ ಮುಂದೆ ಕುಳಿತವರೂ ದಿನನಿತ್ಯ ಆ ಮರದ ಕೆಳಗೇ ನಿಂತಿರುತ್ತಾರೆ.