ಒಂದನೇ ಕ್ಲಾಸು ನೋಡದೆ ಎರಡನೇ ಕ್ಲಾಸಿಗೆ

ಒಂದನೇ ತರಗತಿಯಲ್ಲಿ ಒಂದು ದಿನವೂ ಕೂರದ ಮಗು
ಎರಡನೇ ತರಗತಿಗೆ ಹೋದದ್ದು ಗೊತ್ತೇ?

ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು
ಕರ್ನಾಟಕದ ಪುಟಾಣಿಗಳಿಗೆ ಮತ್ತೆ ತೆರೆದದ್ದು
2021ರ ಅಕ್ಟೋಬರ್ 25ಕ್ಕೆ.
ಉಡುಪಿ, ಕಾಪು, ಕಾರ್ಕಳದ ಮಕ್ಕಳೂ
ಒಂದೂವರೆ ವರ್ಷ ಮನೆಯಲ್ಲೇ.

ಮಲ್ಪೆಯಲ್ಲಿ ಮಳೆಗಾಲದಲ್ಲಿ ನಿಂತ ಬೋಟನ್ನು
ಯಾರೂ ಸೀದಾ ಆಳಸಮುದ್ರಕ್ಕೆ ಬಿಡುವುದಿಲ್ಲ.
ಎಂಜಿನ್ ನೋಡಿ, ಬಲೆ ನೋಡಿ, ಆಮೇಲೆ.
ಮಕ್ಕಳದ್ದೂ ಹಾಗೆಯೇ.

ಅದಕ್ಕೇ ಮೊದಮೊದಲು ಅರ್ಧ ದಿನದ ತರಗತಿ.
2022ರಲ್ಲಿ ‘ಕಲಿಕಾ ಚೇತರಿಕೆ’:
ಬಿಟ್ಟುಹೋದ ಪಾಠಗಳನ್ನು ಮತ್ತೆ ಕಟ್ಟುವ ವರ್ಷ.
ಬೇಕೇ ಬೇಕಿದ್ದ ಹೆಜ್ಜೆ ಅದು.

ಆದರೆ ಶಾಲೆಯ ಭಯ ಪಾಠದಿಂದ ಹೋಗದು.
ಶಾಲೆಯ ಹೊತ್ತಿಗೆ ಹೊಟ್ಟೆನೋವು ಎಂದರೆ
ನಾಟಕ ಎಂದು ಗದರಬೇಡಿ.
ಆತಂಕಕ್ಕೂ ಹೊಟ್ಟೆ ನೋಯುತ್ತದೆ.

ಟೀಚರಿಗೆ ಮೊದಲೇ ಹೇಳಿಡಿ.
ಪಕ್ಕದ ಮನೆಯ ಗೆಳೆಯನ ಜೊತೆ ಕಳಿಸಿ.
ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.
ಮಕ್ಕಳ ಮನಸ್ಸನ್ನು ಬಲ್ಲ ತಜ್ಞರು
ಮಣಿಪಾಲದಲ್ಲೇ ಇದ್ದಾರೆ.