ಜೋಡಿ ಸೈಕಲ್ಲಿಗೆ ವಿದ್ಯುತ್ ಮೋಟಾರು

ಒಬ್ಬರ ಹಿಂದೊಬ್ಬರು ಕುಳಿತು ಇಬ್ಬರೂ ತುಳಿಯುವ ಸೈಕಲ್ಲಿಗೆ ಆಂಗ್ಲರು ‘ಟ್ಯಾಂಡೆಮ್’ ಎನ್ನುತ್ತಾರೆ. ಇದು ಲ್ಯಾಟಿನ್ ಭಾಷೆಯ ಪದ. ಆ ಭಾಷೆಯಲ್ಲಿ ಇದಕ್ಕೆ ‘ಕೊನೆಗೂ’, ‘ಬಹುಕಾಲದ ಮೇಲೆ’ ಎಂದರ್ಥ. ಕಾಲದ ನೀಳವನ್ನು ಸೂಚಿಸುವ ಪದವನ್ನು ವಸ್ತುವಿನ ನೀಳಕ್ಕೆ ಅನ್ವಯಿಸಿ, ಒಂದರ ಹಿಂದೊಂದು ಕುದುರೆ ಹೂಡಿದ ಗಾಡಿಗೆ 18ನೆಯ ಶತಮಾನದಲ್ಲಿ ವಿನೋದಕ್ಕೆಂದು ಇಟ್ಟ ಹೆಸರು ಮುಂದೆ ಸೈಕಲ್ಲಿಗೂ ಸಂದಿತು. ಶ್ಲೇಷಾಲಂಕಾರವೊಂದು ಯಂತ್ರದ ಹೆಸರಾಗಿ ನೆಲೆನಿಂತ ಉದಾಹರಣೆಗಳು ವಿರಳವೇ ಸರಿ. ಕನ್ನಡದಲ್ಲಿ ಇದನ್ನು ‘ಜೋಡಿ ಸೈಕಲ್’ ಎಂದರೆ ಸಾಕು.

ಇಂಗ್ಲೆಂಡಿನ ಬಿಗಲ್ಸ್‌ವೇಡ್ ಎಂಬ ಊರಿನ ಡ್ಯಾನ್ ಆಲ್ಬೋನ್ ಎಂಬಾತನು ಎ. ಜೆ. ವಿಲ್ಸನ್ ಎಂಬ ಮಿತ್ರನೊಡಗೂಡಿ 1886ರ ಸುಮಾರಿಗೆ ಇಂತಹ ಸೈಕಲ್ಲನ್ನು ರೂಪಿಸಿದನು. ವಿಲ್ಸನ್ ಕಿವುಡನಾಗಿದ್ದನೆಂಬುದು ಇಲ್ಲಿ ಸ್ಮರಣೀಯ. ಏಕೆಂದರೆ ಒಂಟಿಯಾಗಿ ಸವಾರಿ ಮಾಡಲಾರದವರಿಗೂ ರಸ್ತೆಯ ಸುಖವನ್ನು ದೊರಕಿಸಿಕೊಡುವುದೇ ಈ ವಾಹನದ ವಿಶೇಷ ಗುಣ. ಮುಂದಿನವರಿಗೆ ಕಣ್ಣಿದ್ದರೆ ಹಿಂದಿನವರು ಅಂಧರಾದರೂ ಸಾಗಬಹುದು. ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ದೃಷ್ಟಿಹೀನರು ಸ್ಪರ್ಧಿಸುವುದು ಈ ಬಗೆಯ ಸೈಕಲ್ಲಿನ ಮೇಲೆಯೇ. ಗಂಡನಿಗೆ ಬಲವಿದ್ದು ಹೆಂಡತಿಗೆ ಮಂಡಿನೋವಿದ್ದರೂ, ಅಥವಾ ಹೆಂಡತಿಗೆ ಬಲವಿದ್ದು ಗಂಡನಿಗೆ ಉಬ್ಬಸವಿದ್ದರೂ, ಒಬ್ಬರನ್ನೊಬ್ಬರು ಬಿಟ್ಟುಹೋಗುವ ಪ್ರಮೇಯವಿಲ್ಲ.

ಆದರೆ ಈ ಸೌಖ್ಯವೆಲ್ಲವೂ ಸಮತಟ್ಟಾದ ನೆಲಕ್ಕೆ ಸೀಮಿತವಾದುದು. ಅಲ್ಲಿ ಸವಾರರಿಗೆ ಎದುರಾಗುವ ಮುಖ್ಯ ಶತ್ರುವೆಂದರೆ ಗಾಳಿ. ಅದನ್ನು ಮುಂದಿನವರು ಸೀಳುತ್ತಾರೆ, ಹಿಂದಿನವರು ಅವರ ಮರೆಯಲ್ಲಿರುತ್ತಾರೆ, ತುಳಿಯುವ ಕಾಲುಗಳು ಮಾತ್ರ ನಾಲ್ಕು. ಆದುದರಿಂದಲೇ ಜೋಡಿ ಸೈಕಲ್ಲು ಬಯಲಿನಲ್ಲಿ ಒಂಟಿ ಸೈಕಲ್ಲನ್ನು ಹಿಂದೆ ಹಾಕುತ್ತದೆ. ಏರಿನಲ್ಲಿಯಾದರೋ ಶತ್ರು ಗಾಳಿಯಲ್ಲ, ಭಾರ, ಭಾರಕ್ಕೆ ಮರೆಯಿಲ್ಲ. ಇದರ ಮೇಲೆ, ಎರಡು ಜೊತೆ ಪೆಡಲುಗಳೂ ಒಂದೇ ಚೈನಿನಿಂದ ಬಂಧಿತವಾಗಿರುವುದರಿಂದ ಇಬ್ಬರೂ ಒಂದೇ ಲಯದಲ್ಲಿ ತುಳಿಯಲೇಬೇಕು. ಎಳೆಯ ಹೋರಿಯನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಹೂಡಿದ ರೈತನಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ವಯಸ್ಸಾದ ದಂಪತಿಗಳು ಜೋಡಿ ಸೈಕಲ್ಲನ್ನು ಮೂಲೆಗೆ ಸೇರಿಸುವುದು ಬಹುಮಟ್ಟಿಗೆ ಗುಡ್ಡಗಳ ದೆಸೆಯಿಂದಲೇ. ಮೋಟಾರಿನ ಪ್ರಸಕ್ತಿ ಬರುವುದು ಇಲ್ಲಿ.

ಎಷ್ಟು ಬಲದ ಮೋಟಾರು ಬೇಕೆಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ಇಬ್ಬರು ಸವಾರರು 140 ಕೆ.ಜಿ., ಸೈಕಲ್ಲು 20 ಕೆ.ಜಿ., ಮೋಟಾರು ಮತ್ತು ಬ್ಯಾಟರಿ 8 ಕೆ.ಜಿ., ಒಟ್ಟು 168 ಕೆ.ಜಿ. ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಿಂದ ಹೋಗಲು ಸುಮಾರು 395 ವ್ಯಾಟ್ ಶಕ್ತಿ ಬೇಕಾಗುತ್ತದೆ. ಸಾಧಾರಣ ಮೈಕಟ್ಟಿನ ಇಬ್ಬರು ತಲಾ 100 ವ್ಯಾಟ್ ಕೊಟ್ಟರೆ ಉಳಿದ 195 ವ್ಯಾಟ್ ಮೋಟಾರಿನ ಪಾಲು. ಹದಿನೈದು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿಯೂ, ವೇಗವನ್ನು 6 ಕಿ.ಮೀ.ಗೆ ಇಳಿಸಿದರೆ, ಬೇಕಾಗುವುದು 430 ವ್ಯಾಟಿನಷ್ಟೇ. ಹಾಗಾದರೆ 250 ವ್ಯಾಟಿನ ಚಿಕ್ಕ ಮೋಟಾರು ಸಾಕಲ್ಲವೇ ಎಂದರೆ, ಸಾಕು. ಆದರೆ ಅದು ಎಲ್ಲಿ ಕುಳಿತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಚಕ್ರದ ಹಬ್‌ನೊಳಗೇ ಮೋಟಾರನ್ನು ಇರಿಸುವುದು ಹಳೆಯ ಕ್ರಮ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬಾತನು 1895ರಲ್ಲಿಯೇ ಹಿಂಚಕ್ರದ ಹಬ್ ಮೋಟಾರಿಗೆ ಪೇಟೆಂಟ್ ಪಡೆದಿದ್ದನು. ಜೋಡಿಸಲು ಸುಲಭ, ಚೈನಿಗೆ ಹೊರೆಯಿಲ್ಲ. ಆದರೆ ಈ ಮೋಟಾರು ಚಕ್ರದ ವೇಗಕ್ಕೇ ಬದ್ಧವಾಗಿರುತ್ತದೆ. ಕಡಿದಾದ ಏರಿನಲ್ಲಿ ಚಕ್ರ ನಿಧಾನವಾಗಿ ತಿರುಗುವಾಗ ಮೋಟಾರೂ ನಿಧಾನವಾಗುತ್ತದೆ. ಆಗ ಬ್ಯಾಟರಿಯಿಂದ ಬಂದ ವಿದ್ಯುತ್ತಿನ ಬಹುಪಾಲು ಚಲನೆಯಾಗದೆ ಕಾವಾಗುತ್ತದೆ. ಒಂಟಿ ಸವಾರನಿದ್ದರೆ ಏರು ಮುಗಿಯುವವರೆಗೆ ಹೇಗೋ ತಾಳಿಕೊಳ್ಳುವ ಮೋಟಾರು, ಇಬ್ಬರ ಭಾರದಡಿಯಲ್ಲಿ ನಡುದಾರಿಯಲ್ಲಿಯೇ ಸುಟ್ಟುಹೋಗಬಹುದು. ಡರ್ಬಿಷೈರಿನ ವಿನ್ನಾಟ್ಸ್ ಕಣಿವೆಯ ರಸ್ತೆ ಐದಕ್ಕೆ ಒಂದರಂತೆ ಏರುತ್ತದೆ. ಅಂತಹ ಕಡೆ ಹಬ್ ಮೋಟಾರನ್ನು ನಂಬುವುದು ಸಾಹಸ. ಜೋಡಿ ಸೈಕಲ್ಲಿನ ಹಿಂದಿನ ಫೋರ್ಕು ಸಾಮಾನ್ಯವಾಗಿ ಹೆಚ್ಚು ಅಗಲವಾಗಿರುವುದರಿಂದ, ಒಂಟಿ ಸೈಕಲ್ಲಿಗೆಂದು ತಯಾರಾದ ಹಬ್ಬನ್ನು ವಾಷರುಗಳಿಂದ ಹೊಂದಿಸಬೇಕಾದ ತೊಡಕೂ ಉಂಟು.

ಎರಡನೆಯ ಕ್ರಮದಲ್ಲಿ ಮೋಟಾರು ಪೆಡಲ್ ಅಚ್ಚಿನ ಬಳಿ ಕುಳಿತು ಅದೇ ಚೈನಿನ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಇಲ್ಲಿ ಕಾಲಿಗೆ ಒದಗುವ ಗಿಯರು ಮೋಟಾರಿಗೂ ಒದಗುತ್ತದೆ. ಚಕ್ರ ನಿಧಾನವಾದರೂ ಮೋಟಾರು ತನ್ನ ಸಹಜ ವೇಗದಲ್ಲಿ ಸುತ್ತುತ್ತಲೇ ಇರುತ್ತದೆ, ಕಾಯುವುದಿಲ್ಲ. ಗುಡ್ಡಗಾಡಿಗೆ ಇದೇ ಯೋಗ್ಯವಾದುದು.

ಜೋಡಿ ಸೈಕಲ್ಲಿನಲ್ಲಿ ಪೆಡಲ್ ಅಚ್ಚುಗಳು ಎರಡು. ಮೋಟಾರು ಮುಂದಿನದಕ್ಕೋ ಹಿಂದಿನದಕ್ಕೋ? ಮುಂದಿನದಕ್ಕೆ ಕೂರಿಸಿ, ಎರಡು ಅಚ್ಚುಗಳನ್ನು ಕೂಡಿಸುವ ಚೈನನ್ನು ಎಡದಿಂದ ಬಲಕ್ಕೆ ತರುವುದು ವಾಡಿಕೆಯಲ್ಲಿದೆ. ಇದರಲ್ಲೊಂದು ಅಪಾಯ ಅಡಗಿದೆ. ಮೋಟಾರು ಮೊದಲು ತಿರುಗಿಸುವುದು ಹಿಂದಿನ ಪೆಡಲುಗಳನ್ನು. ಮುಂದಿನವರು ತುಳಿಯುವುದನ್ನು ನಿಲ್ಲಿಸಿದರೂ, ಮೋಟಾರು ನಿಲ್ಲುವ ಆ ಒಂದು ಕ್ಷಣದಲ್ಲಿ ಹಿಂದಿನವರ ಕಾಲುಗಳು ಬಲಾತ್ಕಾರವಾಗಿ ತಿರುಗುತ್ತವೆ. ಹಿಂದೆ ಕುಳಿತವರು ಅಂಧರೋ ಮಂಡಿನೋವಿನವರೋ ಆಗಿದ್ದರೆ ಆ ಕ್ಷಣವೇ ಸಾಕು ಗಾಯಕ್ಕೆ. ಯಾರ ಸಲುವಾಗಿ ಮೋಟಾರನ್ನು ತಂದರೋ ಅವರಿಗೇ ಅದು ಪೀಡೆಯಾಗುತ್ತದೆ. ಹಿಂದಿನ ಅಚ್ಚಿಗೆ ಕೂರಿಸಿ, ಎಡಗಡೆಯ ಕೂಡುಚೈನನ್ನು ಹಾಗೆಯೇ ಉಳಿಸಿಕೊಂಡರೆ, ಮೋಟಾರಿನೊಳಗಿನ ಫ್ರೀ ವೀಲ್ ಇಬ್ಬರ ಕಾಲುಗಳನ್ನೂ ಕಾಪಾಡುತ್ತದೆ. ಎಡಗಡೆಯ ಹಲ್ಲುಚಕ್ರವನ್ನು ಮೋಟಾರಿನ ಅಚ್ಚಿಗೆ ಹೊಂದಿಸಿ ಎರಡು ಹಲ್ಲುಚಕ್ರಗಳೂ ಒಂದೇ ನೇರಕ್ಕೆ ಬರುವಂತೆ ಮಾಡುವುದು ಮೆಕ್ಯಾನಿಕ್‌ಗೆ ಶ್ರಮದ ಕೆಲಸ. ಆದರೂ ಆ ಶ್ರಮ ಸಾರ್ಥಕ.

ಗಿಯರು ಬದಲಿಸುವಾಗ ಮೋಟಾರು ಅರೆಕ್ಷಣ ತಡೆಯುವಂತಹ ಸ್ವಿಚ್ಚನ್ನು ಅಳವಡಿಸದಿದ್ದರೆ ನಾಲ್ಕು ಕಾಲು ಮತ್ತು ಮೋಟಾರಿನ ಎಳೆತಕ್ಕೆ ಚೈನು ಕಡಿಯುತ್ತದೆ. ಬ್ರೇಕು ಹಿಡಿದೊಡನೆ ವಿದ್ಯುತ್ತು ನಿಲ್ಲುವ ಏರ್ಪಾಡೂ ಇರಬೇಕು.

ಬ್ಯಾಟರಿಯ ಲೆಕ್ಕ ಹೀಗಿದೆ. ದಿನವೊಂದಕ್ಕೆ ಒಟ್ಟು 1000 ಮೀಟರ್ ಎತ್ತರ ಏರಲು 168 ಕೆ.ಜಿ.ಗೆ ಸುಮಾರು 457 ವ್ಯಾಟ್-ಗಂಟೆ ಬೇಕು. ಅರ್ಧವನ್ನು ಕಾಲುಗಳು ಕೊಟ್ಟರೆ, ಮೋಟಾರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿ, ಬ್ಯಾಟರಿ ಕೊಡಬೇಕಾದುದು 300ರಷ್ಟು. 36 ವೋಲ್ಟ್, 14 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ 504 ಇರುತ್ತದೆ. ಅದರದೇ ಚಾರ್ಜರನ್ನಲ್ಲದೆ ಬೇರೆಯದನ್ನು ಬಳಸುವುದು ಬೆಂಕಿಗೆ ಆಹ್ವಾನ.

ಹತ್ತಿದ್ದನ್ನು ಇಳಿಯಲೂ ಬೇಕಷ್ಟೆ. ಮೋಟಾರು ಕೊಂಡವರು ಮರೆಯುವುದು ಇದನ್ನೇ. ಅಷ್ಟು ಭಾರವು 300 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 4,94,000 ಜೂಲ್; ವೇಗವನ್ನು ತಡೆದು ಇಳಿದರೆ ಅದರ ಬಹುಭಾಗ ಬ್ರೇಕಿನಲ್ಲಿ ಕಾವಾಗುತ್ತದೆ. ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕುಗಳಾದರೆ ರಿಮ್ಮು ಕಾದು ಟ್ಯೂಬು ಸಿಡಿಯುವುದುಂಟು. ಹಿಂಚಕ್ರಕ್ಕೆ ಡ್ರಮ್ ಬ್ರೇಕನ್ನೋ ಅಗಲವಾದ ಡಿಸ್ಕನ್ನೋ ಹಾಕಿಸದೆ ಮೋಟಾರಿಗೆ ಹಣ ಹಾಕುವುದು ತಿರುವುಮುರುವಿನ ಕೆಲಸ. ಗಿಯರಿಲ್ಲದ ಹಬ್ ಮೋಟಾರಿಗೆ ಇಲ್ಲೊಂದು ಮೇಲ್ಗೈ ಇದೆಯೆನ್ನಬೇಕು: ಇಳಿಯುವಾಗ ಅದು ಡೈನಮೋ ಆಗಿ ವೇಗವನ್ನು ತಡೆಯಬಲ್ಲುದು. ಆದರೆ ಬೆಟ್ಟದ ಮೇಲಿನ ಮನೆಯಿಂದ ತುಂಬಿದ ಬ್ಯಾಟರಿಯೊಡನೆ ಹೊರಟವರಿಗೆ ಆ ಸಹಾಯ ದೊರೆಯದು. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯದು.

ಕಾಯಿದೆಯ ವಿಷಯ. ಬ್ರಿಟನ್ನಿನ 1983ರ ನಿಯಮಗಳು ಒಂಟಿ ಸೈಕಲ್ಲಿಗೆ 200 ವ್ಯಾಟ್, 40 ಕೆ.ಜಿ. ಮಿತಿಯನ್ನು ವಿಧಿಸಿ, ಜೋಡಿ ಸೈಕಲ್ಲಿಗೆ 250 ವ್ಯಾಟ್, 60 ಕೆ.ಜಿ. ಅನುಮತಿಸಿದ್ದವು. 2015ರ ತಿದ್ದುಪಡಿಯಲ್ಲಿ ತೂಕದ ಮಿತಿ ಹೋಯಿತು, ಎಲ್ಲಕ್ಕೂ 250 ವ್ಯಾಟ್ ಎಂದಾಯಿತು. ಇಬ್ಬರನ್ನು ಹೊರುವ ವಾಹನಕ್ಕಿದ್ದ ಪ್ರತ್ಯೇಕ ಪರಿಗಣನೆ ಅಲ್ಲಿಗೆ ತಪ್ಪಿತು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ 0.25 ಕಿಲೋವ್ಯಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗ ಹಾಗೂ ಬ್ಯಾಟರಿಯನ್ನು ಬಿಟ್ಟು 60 ಕೆ.ಜಿ. ಮೀರದ ತೂಕವುಳ್ಳ ವಾಹನವನ್ನು ಮೋಟಾರು ವಾಹನವೆಂದು ಗಣಿಸುವುದಿಲ್ಲ. ಒಂಟಿ, ಜೋಡಿ ಎಂಬ ಭೇದ ಅಲ್ಲಿಲ್ಲ. ಈ ಮಿತಿಯೊಳಗೆ ಗುಡ್ಡ ಹತ್ತಬೇಕಾದರೆ ಗಿಯರನ್ನು ಏರು ಮೊದಲಾಗುವ ಮುನ್ನವೇ ಇಳಿಸಿಕೊಳ್ಳಬೇಕು, ಮತ್ತು ಇಳಿಸುವ ಮುನ್ನ ಮುಂದಿನವರು ಹಿಂದಿನವರಿಗೆ ಬಾಯಿಬಿಟ್ಟು ಹೇಳಬೇಕು. ಹಿಂದೆ ಕುಳಿತವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ.